ನಕ್ಷೆ ಮುಗಿಯುವ ಜಾಗ

ಆ ಬೆಳಗ್ಗೆ ಮಳೆ ಜೋರಾಗಿರಲಿಲ್ಲ, ಆದರೆ ನಿಲ್ಲುವ ಮನಸ್ಸೂ ಅದಕ್ಕಿರಲಿಲ್ಲ. ಬಸ್ ನಿಲ್ದಾಣದ ಸೂರಿನಡಿ ಕೂತಿದ್ದ ಟೈಲರಮ್ಮ, ಒಳಗೆ ಜಾಗ ಸಿಗದೆ ನೆನೆಯುತ್ತಿದ್ದ ಅಣೆಕಟ್ಟೆ ಆಫೀಸಿನ ಇಬ್ಬರಿಗೆ ತನ್ನ ಕೊಡೆ ಕೊಟ್ಟಿದ್ದಳು. ಅದರಡಿ ಅವರಾಡುತ್ತಿದ್ದ ಮಾತು ಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು.

“ಸಾಹೇಬರಿಗೆ ಏನು ಹೇಳ್ಲಿ? ಕಂಪ್ಯೂಟರ್ ಮತ್ತೆ ನಿಂತುಹೋಯ್ತು ಅಂತ್ಲಾ?” ಎಂದರು ಹಿರಿಯರು.

“ಹೂಂ ಸಾರ್. ಅಣೆಕಟ್ಟೆ ಗೇಟು ತೆಗೆದ್ರೆ ನೀರು ಎಲ್ಲೀತನಕ ಬರುತ್ತೆ ಅಂತ ರಾತ್ರಿಯೆಲ್ಲ ಲೆಕ್ಕ ಮಾಡುತ್ತೆ, ಬೆಳಿಗ್ಗೆ ನೋಡಿದ್ರೆ ಸತ್ತು ಬಿದ್ದಿರುತ್ತೆ,” ಎಂದ ಕಿರಿಯ.

“ನಮ್ಮ ಅಳಿಯನ ಹಾಗೆ. ಬಿಸಿಯಾಗಿರ್ಬೇಕು ಕಣಯ್ಯ, ಫ್ಯಾನ್ ನೋಡು.”

“ಫ್ಯಾನ್ ಬದಲಾಯಿಸ್ದೆ, ಮೆಮೊರಿ ಹಾಕಿಸ್ದೆ. ಕೊನೆಗೆ ಬೇರೆ ಕಂಪ್ಯೂಟರಲ್ಲೇ ಓಡಿಸ್ದೆ. ಅದೂ ಅಲ್ಲೇ ನಿಲ್ತು.”

“ಅಲ್ಲೇ ಅಂದ್ರೆ?”

“ನಿನ್ನೆ ಲೆಕ್ಕ ನಡುನಡುವೆ ಸೇವ್ ಆಗೋ ಹಾಗೆ ಮಾಡಿದ್ದೆ, ಎಲ್ಲಿ ನಿಲ್ಲುತ್ತೆ ಅಂತ ಅದ್ರಲ್ಲಿ ಗೊತ್ತಾಯ್ತು. ಗೇಟು ತೆಗೆದ್ರೆ ನೀರು ನಮ್ಮ ನಕ್ಷೆಯ ಅಂಚಿನ ತನಕ ಬರುತ್ತೆ ಸಾರ್. ಅದರಾಚೆ ನೆಲ ಇದೆ ಅಂತ ನಾವು ಕಂಪ್ಯೂಟರಿಗೆ ಹೇಳೇ ಇಲ್ಲ. ನೀರು ಅಂಚು ದಾಟಿದ ಕೂಡಲೇ ಲೆಕ್ಕ ನಿಂತುಹೋಗುತ್ತೆ.”

ಹಿರಿಯರು ವಾಚು ನೋಡಿಕೊಂಡರು.

“ಹಳೇ ಗಿರಣಿ ಹತ್ರ ನಕ್ಷೆ ಮುಗಿಸಿದ್ದು ನಾನೇ. ಅಷ್ಟು ದೂರ ನೀರು ಬರಲ್ಲ ಅಂದ್ಕೊಂಡೆ. ಗೇಟು ತೆಗೆಯೋದು ಇವತ್ತು ಮಧ್ಯಾಹ್ನ. ಗಿರಣಿ ಆಚೆ ಯಾರೂ ಇಲ್ಲ, ಅಲ್ವೇನಯ್ಯ?”

“ಇದೀವಲ್ಲ ಸ್ವಾಮಿ,” ಎಂದಳು ಟೈಲರಮ್ಮ ಮೆಲ್ಲಗೆ. “ನಾನು, ಮಗಳು, ಮೊಮ್ಮಕ್ಕಳು. ದೇವರ ದಯೆಯಿಂದ ಇಡೀ ಬೀದಿಯೇ ಇದೆ.”

ಬಸ್ಸು ಬಂದು ನಿಂತಿತು. ಹಿರಿಯರು ಅದನ್ನು ನೋಡಲೂ ಇಲ್ಲ, ಆಗಲೇ ಆಫೀಸಿನ ಕಡೆ ಓಡತೊಡಗಿದ್ದರು. ಕಿರಿಯ ಕೊಡೆಯನ್ನು ಅವಳ ಕೈಗಿಟ್ಟು, ನೆನೆಯುತ್ತ ಅವರ ಹಿಂದೆಯೇ ಹೋದ.