ಬೆಲ್ಮಿರೊನ ಮಣ್ಣಿಗೆ ಹೊರಟ ಟೋಪಿಗಳು

ಬೇಜಾದ ಬಸ್ ನಿಲ್ದಾಣದಲ್ಲಿ ರೊಟ್ಟಿಯ ಚೀಲ ಹಿಡಿದು ಕೂತಿದ್ದ ಒಲಿಂಡಾಳ ಪಕ್ಕ ಇಬ್ಬರು ಮುದುಕರು ಬಂದು ಕೂತರು. ಇಬ್ಬರದೂ ಕರಿ ಕೋಟು, ಕರಿ ಟೋಪಿ. ಮಾಜಿ ಮಂತ್ರಿ ಬೆಲ್ಮಿರೊನ ಮಣ್ಣಿಗೆ ಹೊರಟವರೆಂದು ಅವಳಿಗೆ ನೋಡಿದೊಡನೆಯೇ ತಿಳಿಯಿತು.

"ಧಣಿ ಕಂಡ್ರೆ ಟೋಪಿ ತೆಗೀಬೇಡ್ರೋ ಅಂತ ನಮಗೆ ಮೊದಲು ಹೇಳಿದೋನೇ ಅವನು, ಕಸ್ಟೋಡಿಯೊ."

"ಧಣಿ ಹೊಲಕ್ಕೆ ನಾವು ನುಗ್ಗಿದ ದಿನ ಅಲ್ವಾ, ಜಸಿಂಟೊ. ಟ್ರ್ಯಾಕ್ಟರ್ ಮೇಲೆ ನಿಂತಿದ್ದ. ಎಂಥ ದನಿ ಮಾರಾಯ ಅವನ್ದು."

"ಆಮೇಲೆ ಮಂತ್ರಿಯಾಗಿ ಕಾರಲ್ಲಿ ಬಂದ."

"ಅವನಿಗೆ ಖುಷಿಯಾಗ್ಲಿ ಅಂತ ಎಲ್ರೂ ಟೋಪಿ ಹಾಕ್ಕೊಂಡೇ ಸಾಲಾಗಿ ನಿಂತಿದ್ವಿ."

"ತಲೆ ಮೇಲಿದ್ದ ಟೋಪಿ ನೋಡಿ ಮುಖ ಸಣ್ಣದು ಮಾಡ್ಕೊಂಡ."

"ಹೊಲ ವಾಪಸ್ ಧಣಿಗೇ ಹೋಗುತ್ತೆ ಅಂತ ಅವತ್ತೇ ಅನ್ನಿಸ್ತು ನಂಗೆ."

"ಹೋಯ್ತಲ್ಲ. ಅದರ ಹಿಂದೇನೇ ಅವನ ಮಂತ್ರಿ ಕುರ್ಚಿನೂ ಹೋಯ್ತು."

"ಆದ್ರೂ ನಮ್ಮ ಗೋಧಿ ನಮಗೇ ಅಂತ ಹಾಡ್ಕೊಂಡು ಕೊಯ್ದ ಆ ಸುಗ್ಗಿ ಇನ್ನು ಬರಲ್ಲ ಬಿಡು."

ಬಸ್ಸು ಬಂತು. ಇಬ್ಬರೂ ಮೊಣಕಾಲು ಹಿಡಿದುಕೊಂಡು ಎದ್ದರು.

"ಅವನ ಪೆಟ್ಟಿಗೆ ಗುಂಡಿಗೆ ಇಳಿಸೋವಾಗ ಟೋಪಿ ತೆಗೀತೀಯಾ, ಕಸ್ಟೋಡಿಯೊ?"

"ಇಲ್ಲ. ಟ್ರ್ಯಾಕ್ಟರ್ ಮೇಲೆ ನಿಂತಿದ್ದೋನಿಗೆ ಮಾತು ಕೊಟ್ಟಿದೀನಿ."

ಬಸ್ಸಿನ ಮೆಟ್ಟಿಲು ಹತ್ತುತ್ತ ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.