ಝಾಲ್ ಇದ್ದ ಮೂಲೆ

ಕಣ್ಣಿನ ಡಾಕ್ಟರ ಬಾಗಿಲ ಹೊರಗೆ ಸರದಿಗೆ ಕಾಯುತ್ತಿದ್ದ ಮುದಿ ದರ್ಜಿಯ ಪಕ್ಕದಲ್ಲೇ ಇಬ್ಬರು ಅಕ್ಕತಂಗಿಯರ ಮಾತು ನಡೆದಿತ್ತು. ಅಕ್ಕ ಈಗಷ್ಟೇ ತಪಾಸಣೆ ಮುಗಿಸಿ ಬಂದಿದ್ದಳು.

“ಕಣ್ಣು ಚೆನ್ನಾಗೇ ಇದ್ಯಂತೆ ಕಣೇ.”

“ಮತ್ತೆ? ಆಫೀಸಲ್ಲಿ ಕಂಪ್ಯೂಟರ್ ಬದಲಾಯಿಸಿದ್ಮೇಲೆ ತಾನೇ ನಿನ್ನ ಅರೇಬಿಕ್ ಟೈಪಿಂಗಲ್ಲಿ ತಪ್ಪು ಬೀಳೋಕೆ ಶುರುವಾಗಿದ್ದು?”

“ಹೂಂ. ಹಳೇ ಕೀಬೋರ್ಡಲ್ಲಿ ಝಾಲ್ ಅಕ್ಷರ ಎಡಗಡೆ ಮೇಲಿನ ಮೂಲೇಲಿತ್ತು. ಹೊಸದ್ರಲ್ಲಿ ಕೆಳಗಿನ ಸಾಲಿಗೆ ಇಳಿಸಿದ್ದಾರೆ. ಕಿರುಬೆರಳು ಮಾತ್ರ ಮೂಲೆಗೇ ಓಡುತ್ತೆ.”

“ಕೀ ನೋಡ್ಕೊಂಡು ಹೊಡಿ.”

“ನೋಡಿದ್ರೆ ಅಪ್ಪ ಬಿಡ್ತಿದ್ರಾ? ಕೈ ಮೇಲೆ ಟವೆಲ್ ಹೊದಿಸಿ ಕಲಿಸಿದ್ದು.”

“ನಾನು ಟವೆಲ್ ಎತ್ತಿ ಕದ್ದು ನೋಡ್ತಿದ್ದೆ.”

“ಅದಕ್ಕೇ ನಿಂಗೆ ಯಾವ ಕೀಬೋರ್ಡಾದ್ರೂ ನಡೆಯುತ್ತೆ.”

ಇಬ್ಬರೂ ನಕ್ಕರು. ದರ್ಜಿಗೂ ನಗು ಬಂತು.

“ಕೀಗಳ ಹಳೇ ಜೋಡಣೆನೇ ಹಾಕ್ಕೊಡಿ ಅಂತ ಕೇಳು ಅಕ್ಕಾ. ಎರಡು ನಿಮಿಷದ ಕೆಲಸ.”

“ಕೇಳಿದೆ. ಎಲ್ರಿಗೂ ಒಂದೇ ಇರ್ಬೇಕಂತೆ. ಕಲಿಯೋದೇನು ಕಷ್ಟ ಅಲ್ಲ ಕಣೇ. ಈ ಬೆರಳು ಹಿಡಿದು ಆ ಮೂಲೇಲಿ ಇಟ್ಟಿದ್ದು ಅಪ್ಪ. ಈಗ ಅವ್ರಿಲ್ಲ, ಅಲ್ಲಿಂದ ನಾನೇ ತೆಗೀಬೇಕಲ್ಲಾ.”

ತಂಗಿ ಅಕ್ಕನ ಚೀಲ ಎತ್ತಿಕೊಂಡಳು. ಅಕ್ಕ ಎದೆಗವಚಿಕೊಂಡಿದ್ದ ಫೈಲಿನ ಮೇಲ್ಮೂಲೆಯನ್ನು ಅವಳ ಎಡಗೈ ಕಿರುಬೆರಳು ಮೆಲ್ಲಗೆ ಒತ್ತುತ್ತಲೇ ಇತ್ತು. ಅವರು ಬಾಗಿಲು ದಾಟುವವರೆಗೂ ದರ್ಜಿ ಅದನ್ನೇ ನೋಡುತ್ತಿದ್ದ.