ಬಾತು ಅಂದ್ರಾ, ಮಾತು ಅಂದ್ರಾ?

ಅಲ್ಲಲ್ಲ, ಆ ಕುರ್ಚಿ ಬೇಡ, ಇಲ್ಲಿ ಕಿಟಕಿ ಹತ್ರ ಬನ್ನಿ. ಬೆಳಕಿಗೆ ಮುಖ ಮಾಡಿ... ಹಾಂ, ಹಾಗೆ. ಬಂದೋರ ಮುಖ ನೋಡದೆ ಮಾತಾಡೋ ಅಭ್ಯಾಸ ನನಗಿಲ್ಲ. ಈಗ ಇನ್ನೊಂದ್ಸಲ ಹೇಳಿ, ನಿಧಾನಕ್ಕೆ. ಆಸ್ಪತ್ರೆ, ಶಿಶುವಿಹಾರ, ಗ್ರಂಥಾಲಯ, ಎಲ್ಲ ಸೇರಿ ಪಾಲುದಾರಿಕೆ. ಚಿಕ್ಕ ಮಕ್ಕಳಿರೋ ಮನೆಗಳಿಗೆ ಬೆಂಬಲ. ಸರಿ. ಪಾಲುದಾರಿಕೆ ಅಂದ್ಮೇಲೆ ಪಾಲು ಇರಬೇಕಲ್ಲ? ನನ್ನ ಮೊಮ್ಮಗಳಲ್ಲಿ ಯಾರ್ಯಾರಿಗೆ ಎಷ್ಟೆಷ್ಟು? ಗ್ರಂಥಾಲಯಕ್ಕೆ ಕಾಲು, ಆಸ್ಪತ್ರೆಗೆ ಕೈಯಾ? ...ಅಯ್ಯೋ, ತಮಾಷೆಗಂದೆ. ಬರ್ಕೋಬೇಡಿ ಅದನ್ನ!

ನೀವು ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತಿಲ್ವಾ? ಕೆಳಗಿನ ಮನೆ ಟೈಲರಮ್ಮ ಚಾಡಿ ಹೇಳಿರ್ತಾಳೆ. ಮುದುಕಿ ಒಬ್ಬಳೇ ಮಗು ನೋಡ್ಕೋತಾಳೆ, ಬಂದು ನೋಡಿ, ಅಂತ. ನೀವು ಬರೋದು, ಹಲ್ಲು ಕಿರಿಯೋದು, ಫೈಲಲ್ಲಿ "ಅಜ್ಜಿ ಕೈಲಾಗೋಲ್ಲ" ಅಂತ ಒಂದು ಸಾಲು ಗೀಚೋದು. ಮುಗೀತು. ಮಗು ನಿಮ್ಮ ಶಿಶುವಿಹಾರಕ್ಕೆ, ನಾನು ಮೂಲೆಗೆ. ಏಳು ತಿಂಗಳ ಮಗು ಕಣ್ರೀ! ಮಗಳು ಬೆಳಿಗ್ಗೆ ಲಾಂಡ್ರಿ ಕೆಲಸಕ್ಕೆ ಹೋದ್ರೆ ಬರೋದು ಸಂಜೆ. ಅಳಿಯ ಲಾರಿ ಡ್ರೈವರ್ರು, ಮನೇಲಿರೋದು ತಿಂಗಳಿಗೆ ನಾಲ್ಕು ದಿನ. ಈ ಮಗು ಒಂದಿಲ್ಲದಿದ್ರೆ ನಾನು ಬೆಳಿಗ್ಗೆ ಎದ್ದು ಮಾಡೋದಾದ್ರೂ ಏನು ಹೇಳಿ.

ಏನು? ಕೂಗಾಡ್ತಿದ್ದೀನಾ? ಮಿಲ್ಲಿನ ಗಂಟಲಮ್ಮ ಇದು. ಇಪ್ಪತ್ತೆಂಟು ವರ್ಷ ಮಗ್ಗದ ಶೆಡ್ಡಲ್ಲಿ ದುಡಿದಿದ್ದೀನಿ, ಮೆಲ್ಲಗೆ ಮಾತಾಡೋದೇ ಮರೆತುಹೋಗಿದೆ. ಮುಂದಿನದು ಕೇಳಿ. ಮೊದಲು ಬಾಯಿಂದ ಪೆನ್ನು ತೆಗೀರಿ.

ಏನಂದ್ರಿ? ಮನೇಲಿ ಬಾತು ಜಾಸ್ತಿನಾ? ಮೂರನೇ ಮಹಡೀಲಿ ಬಾತುಕೋಳಿ ಎಲ್ಲಿಂದ ಬರಬೇಕು ತಾಯಿ! ಕುಡಿಯೋಕೇ ನಲ್ಲೀಲಿ ನೀರು ಬರೋಲ್ಲ, ಅದು ಈಜೋದೆಲ್ಲಿ... ಯಾಕೆ ನಗ್ತೀರಿ? ನಗೋವಂಥದ್ದೇನಾಯ್ತು? ...ಓ! ಮಾತು! ಮಾತು ಜಾಸ್ತಿನಾ ಅಂದ್ರಾ! ಬಿಡಿಸಿ ಹೇಳೋದಲ್ವಾ. ಮಾತಿಗೇನು ಬರ, ದಿನವಿಡೀ ಮಗು ಜೊತೆ ನಂದೇ ವಟವಟ. ಅದೂ ಏನೇನೋ ಅನ್ನುತ್ತೆ... ಏನನ್ನುತ್ತೆ ಅಂದ್ರೆ? ಎಲ್ಲ ಮಕ್ಕಳೂ ಅನ್ನೋದೇ. ಪಾ, ಬಾ, ಮಾ... ನೋಡೋಕೆ ಎಲ್ಲ ಒಂದೇ ಥರ. ಏನು ಬರೆದ್ರಿ ಈಗ? ತೋರಿಸಿ ಇಲ್ಲಿ.

ಮಗೂನಾ? ಒಳಗೆ ಮಲಗಿದೆ. ಹನ್ನೊಂದಕ್ಕೆ ಮಲಗಿದ್ರೆ ಒಂದು ಗಂಟೆವರೆಗೂ ಮಿಸುಕಾಡೋಲ್ಲ. ಬಂಗಾರದಂಥ ಮಗು. ಇದರಮ್ಮ ಇದ್ದಳು ನೋಡಿ, ಇಡೀ ವಠಾರ ಎಬ್ಬಿಸೋ ಗಂಟಲು ಅವಳದು! ಇದು ಹಾಗಲ್ಲ. ನೋಡಿ, ಮನೆ ಎಷ್ಟು ತಣ್ಣಗಿದೆ...

ಯಾಕೆ ಸುಮ್ಮನಾದ್ರಿ? ಕೇಳಿ, ಇನ್ನೂ ಪ್ರಶ್ನೆಗಳಿದ್ವಲ್ಲ. ...ನನ್ನ ಮುಖ ಯಾಕೆ ಹಾಗೆ ನೋಡ್ತೀರಿ? ಬಾಯಿ ಬಿಟ್ಟು ಏನಾದ್ರೂ ಹೇಳಿ! ...ಮಲಗಿದೆ ಅಂದೆನಲ್ಲ. ರೀ, ಎಲ್ಲಿಗೆ ಹೊರಟ್ರಿ? ಆ ಬಾಗಿಲು ತೆಗೀಬೇಡಿ, ಹೇಳ್ತಿದ್ದೀನಿ, ಎಚ್ಚರ ಆಗುತ್ತೆ...

ಅಯ್ಯೋ. ಅಯ್ಯೋ ನನ್ನ ಕಂದಾ! ಕೆನ್ನೆ, ಕತ್ತು, ಎಲ್ಲ ಒದ್ದೆ... ಕೊಡಿ ಇಲ್ಲಿ. ಕೊಡೀ! ...ಎಷ್ಟು ಹೊತ್ತಿಂದ? ಮಗು ಎಲ್ಲಿ ಅಂತ ನೀವು ಕೇಳಿದ್ರಲ್ಲ, ಆಗ್ಲೇ ಅಳ್ತಿತ್ತಾ?

...ಮಾತಾಡಿ ತಾಯಿ. ಬೈದ್ರೂ ಸರಿ, ಮಾತಾಡಿ.

ದಿನಾ ಹೀಗಾಗೋಲ್ಲ, ನಿಮ್ಮ ಕಾಲಿಗೆ ಬೀಳ್ತೀನಿ, ನಂಬಿ. ತೊಟ್ಟಿಲಿಂದ ಒಂದು ದಾರ ಎಳೆದು ಕಾಲ್ಬೆರಳಿಗೆ ಕಟ್ಕೊಂಡಿರ್ತೀನಿ. ಅಡುಗೆ ಮಾಡುವಾಗ್ಲೂ, ಉಣ್ಣುವಾಗ್ಲೂ. ಒಂದ್ಸಲ ಮಿಸುಕಿದ್ರೆ ಸಾಕು, ಓಡ್ತೀನಿ. ಕಿವಿ ಮಂದ ಅಂತ ಮಗಳಿಗೆ ಗೊತ್ತು. ಪೂರ್ತಿ ಹೋಗಿದೆ, ತುಟಿ ನೋಡಿ ಮಾತು ಹಿಡೀತೀನಿ ಅಂತ ಗೊತ್ತಿಲ್ಲ. ಇವತ್ತು ಮಾತ್ರ... ಇವತ್ತೊಂದು ದಿನ ದಾರ ಬಿಚ್ಚಿಟ್ಟೆ. ನಿಮ್ಮ ಕಣ್ಣಿಗೆ ಬೀಳುತ್ತೆ ಅಂತ.